ಟಿವಿ ಶೋಗಳ ಆನ್‌ಲೈನ್ ಆಟಗಳು ಕಥೆಯ ಭಾಗವೋ, ಬರೀ ಜಾಹೀರಾತೋ?

ಪ್ರಶ್ನಾರ್ಥಕ:
"ಲಾಸ್ಟ್" (ವಿಮಾನ ಬಿದ್ದು ದ್ವೀಪದಲ್ಲಿ ಸಿಕ್ಕಿಕೊಂಡವರ ಅಮೆರಿಕನ್ ಧಾರಾವಾಹಿ) ಈಗ ಮೊದಲ ಸಲ ನೋಡ್ತಿದ್ದೇನೆ. ನಗಬೇಡಿ, ಅದು ಬಂದಾಗ ನಾನಿನ್ನೂ ಶಾಲೆಯಲ್ಲಿದ್ದೆ. ಎರಡನೇ ಸೀಸನ್ ಮುಗೀತು. ಅದರಲ್ಲಿ ಮತ್ತೆಮತ್ತೆ ಬರೋ 4, 8, 15, 16, 23, 42 ಅನ್ನೋ ಆ ಸಂಖ್ಯೆಗಳು ತಲೆ ತಿಂತಿದ್ವು ಅಂತ ಹುಡುಕಿದರೆ, "ವ್ಯಾಲೆನ್ಜೆಟ್ಟಿ ಸಮೀಕರಣ" ಅಂತ ಏನೋ ಸಿಕ್ತು. ಮನುಕುಲ ಯಾವಾಗ ನಾಶವಾಗುತ್ತೆ ಅಂತ ಲೆಕ್ಕ ಹಾಕುವ ಸಮೀಕರಣವಂತೆ, ಈ ಸಂಖ್ಯೆಗಳು ಅದರೊಳಗಿನ ಅಂಶಗಳಂತೆ. ಇಷ್ಟು ದೊಡ್ಡ ವಿಷಯವನ್ನು ಬಿಡಿಸಿ ಹೇಳಿದ್ದು ಟಿವಿಯಲ್ಲಲ್ಲ, 2006ರಲ್ಲಿ ನಡೆದ ಒಂದು ಆನ್‌ಲೈನ್ ಆಟದಲ್ಲಿ! ಆ ಆಟ ಈಗ ಇಲ್ಲವೇ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ಚಾನೆಲ್‌ನವರು ಇಷ್ಟೆಲ್ಲ ಖರ್ಚು ಮಾಡಿ ಇಂಥ ಆಟ ಕಟ್ಟಿದ್ದು ಯಾಕೆ? ಇದರಿಂದ ನೋಡುಗರು ಹೆಚ್ಚಾದರಾ?

ಹಳೇಕಡತ:
ನೀವು ಹೇಳ್ತಿರೋದು "ದಿ ಲಾಸ್ಟ್ ಎಕ್ಸ್‌ಪೀರಿಯೆನ್ಸ್". ಆ ಬೇಸಿಗೆ ಅದನ್ನು ಹಿಂಬಾಲಿಸಿದವರಲ್ಲಿ ನಾನೂ ಒಬ್ಬ, ಆದ್ದರಿಂದ ಸ್ವಲ್ಪ ಉದ್ದ ಬರೀತೀನಿ.

2006ರ ಮೇ ತಿಂಗಳಲ್ಲಿ ಶುರುವಾಗಿ ಸೆಪ್ಟೆಂಬರ್‌ವರೆಗೆ ನಡೀತು. ಆ ದಿನಾಂಕಗಳನ್ನು ನೋಡಿ, ಅರ್ಧ ಉತ್ತರ ಅಲ್ಲೇ ಇದೆ. ಎರಡನೇ ಸೀಸನ್ ಮೇ ಕೊನೆಗೆ ಮುಗೀತು, ಮೂರನೆಯದು ಅಕ್ಟೋಬರ್‌ನಲ್ಲಿ ಶುರು. ನಡುವಿನ ನಾಲ್ಕು ತಿಂಗಳು ಜನ ಶೋವನ್ನು ಮರೀಬಾರದು, ಅಷ್ಟೇ ಉದ್ದೇಶ. ಅಮೆರಿಕದ ಎಬಿಸಿ, ಬ್ರಿಟನ್ನಿನ ಚಾನೆಲ್ 4, ಆಸ್ಟ್ರೇಲಿಯಾದ ಸೆವೆನ್ ನೆಟ್‌ವರ್ಕ್ ಮೂರೂ ಸೇರಿ ನಡೆಸಿದವು.

ಶುರು ಆದ ರೀತಿ ಚೆನ್ನಾಗಿತ್ತು. ಎಪಿಸೋಡ್ ನಡುವಿನ ಜಾಹೀರಾತು ಸಮಯದಲ್ಲಿ "ಹ್ಯಾನ್ಸೊ ಫೌಂಡೇಶನ್" ಅನ್ನೋ ಸಂಸ್ಥೆಯ ಜಾಹೀರಾತು ಬಂತು, ಕೆಳಗೆ ಫೋನ್ ನಂಬರ್ ಸಮೇತ. ಅದು ಕಥೆಯೊಳಗಿನ ಸಂಸ್ಥೆ! ಫೋನ್ ಮಾಡಿದರೆ ನಿಜವಾಗ್ಲೂ ರೆಕಾರ್ಡ್ ಮಾಡಿದ ದನಿ ಕೇಳ್ತಿತ್ತು, ಅಲ್ಲಿಂದ ವೆಬ್‌ಸೈಟ್. ಎರಡನೇ ಸೀಸನ್ ಮುಗಿದ ದಿನವೇ ಆ ಸಂಸ್ಥೆಯ "ವಕ್ತಾರ" ಜಿಮ್ಮಿ ಕಿಮ್ಮೆಲ್ ಅವರ ಟಾಕ್ ಶೋಗೆ ಬಂದು, ಈ ಧಾರಾವಾಹಿ ನಮ್ಮ ಹೆಸರಿಗೆ ಮಸಿ ಬಳೀತಿದೆ ಅಂತ ಸಿಟ್ಟಾಗಿ ಮಾತಾಡಿ ಹೋದ. ಜುಲೈನಲ್ಲಿ ಸ್ಯಾನ್ ಡಿಯೇಗೊದ ಕಾಮಿಕ್-ಕಾನ್ ಅನ್ನೋ ಅಭಿಮಾನಿಗಳ ಸಮ್ಮೇಳನದಲ್ಲಿ ಶೋ ತಂಡ ವೇದಿಕೆ ಮೇಲಿದ್ದಾಗ ಹ್ಯಾನ್ಸೊ ಬೆನ್ನು ಹತ್ತಿದ ರೇಚಲ್ ಬ್ಲೇಕ್ ಅನ್ನೋ ಪಾತ್ರದ ನಟಿ ಸಭೆಯೊಳಗಿಂದ ಎದ್ದು ನಿಂತು ಅವರನ್ನೇ ತರಾಟೆಗೆ ತಗೊಂಡಳು. ಆಮೇಲೆ 70 ಗುರುತು ಚಿಹ್ನೆಗಳ ಬೇಟೆ. ಕೆಲವು ವೆಬ್‌ಸೈಟ್‌ಗಳಲ್ಲಿ, ಕೆಲವು ನಿಜವಾದ ಜಾಗಗಳಲ್ಲಿ ಅಡಗಿಸಿದ್ರು. ಒಂದೊಂದರ ಕೋಡ್ ಹಾಕಿದಾಗ ಒಂದೊಂದು ತುಣುಕು ವಿಡಿಯೊ ತೆರೆದುಕೊಳ್ತಿತ್ತು. ಎಲ್ಲ ಜೋಡಿಸಿದಾಗ ಬಂದದ್ದೇ ನೀವು ಓದಿದ ಆ ಸಮೀಕರಣದ ವಿವರ.

ಒಬ್ಬನಿಂದ ಆಗುವ ಕೆಲಸವೇ ಅಲ್ಲ ಅದು. ಮೂರು ಖಂಡದ ಜನ ಹಂಚಿಕೊಂಡು ಬಿಡಿಸಬೇಕು. ಆ ಹಂಚಿಕೊಳ್ಳುವ ಗದ್ದಲವೇ ಚಾನೆಲ್‌ಗೆ ಬೇಕಾದ ಪ್ರಚಾರ.

ಕಡಲತಡಿ:
ಎಂತ ಮಾರಾಯ್ರೆ, ಇಷ್ಟೆಲ್ಲ ಕಷ್ಟಪಟ್ಟು ಕಂಡುಹಿಡಿದದ್ದು ಟಿವಿಯಲ್ಲಿ ಲೆಕ್ಕಕ್ಕೇ ಇಲ್ಲ ಅಂದ್ರೆ ಆಡಿದವರಿಗೆ ಬೇಜಾರಾಗುದಿಲ್ವಾ?

ಹಳೇಕಡತ:
ಆಯ್ತು, ತುಂಬಾ ಆಯ್ತು. ಮೂರನೇ ಸೀಸನ್ ನೋಡುವಾಗ ನಾವೆಲ್ಲ ಕಾದೇ ಕಾದೆವು, ಈಗ ಬರುತ್ತೆ, ಈಗ ಬರುತ್ತೆ ಅಂತ. ಆದರೆ ಚಾನೆಲ್ ಕಡೆಯಿಂದಲೂ ಯೋಚನೆ ಮಾಡಿ. ಆಟ ಆಡದ ಕೋಟ್ಯಂತರ ಜನಕ್ಕೆ ಎಪಿಸೋಡ್ ಅರ್ಥವಾಗಬೇಕಲ್ಲ? ಹಾಗಾಗಿ ಆಟದಲ್ಲಿ ಮುಖ್ಯವಾದದ್ದನ್ನು ಹೇಳಿದರೆ ಟಿವಿ ನೋಡುಗನಿಗೆ ಮೋಸ, ಮುಖ್ಯವಲ್ಲದ್ದನ್ನು ಹೇಳಿದರೆ ಆಡಿದವನಿಗೆ ಮೋಸ. ಈ ಇಕ್ಕಟ್ಟಿನಿಂದ ಪೂರ್ತಿ ತಪ್ಪಿಸಿಕೊಂಡ ಶೋ ನನ್ನ ಕಣ್ಣಿಗೆ ಬಿದ್ದಿಲ್ಲ.

ತೆರೆಮರೆ:
ನಾನು ಪ್ರಚಾರದ ಕೆಲಸದಲ್ಲೇ ಇರೋದ್ರಿಂದ ಒಂದು ಮಾತು. ಈ ಚರ್ಚೆಯಲ್ಲಿ ಎರಡು ಬೇರೆಬೇರೆ ವಸ್ತುಗಳನ್ನು ಒಂದೇ ಹೆಸರಲ್ಲಿ ಕರೀತಿದ್ದೀವಿ.

ಒಂದು, ಆಳದ ಆಟ. ಎಆರ್‌ಜಿ, ಅಂದರೆ ಆಲ್ಟರ್ನೇಟ್ ರಿಯಾಲಿಟಿ ಗೇಮ್. ಒಗಟು, ಗುಪ್ತ ಸೈಟು, ಫೋನು, ತಿಂಗಳುಗಟ್ಟಲೆ ಸಮಯ. ಇದನ್ನು ಆಡೋರು ಆಗಲೇ ಶೋಗೆ ಮನಸೋತವರು. ಹೊಸಬರು ಬರೋದೇ ಇಲ್ಲ.

ಇನ್ನೊಂದು, ಎರಡು ನಿಮಿಷದ ಆಟಿಕೆ. 2009ರ ಬೇಸಿಗೆಯಲ್ಲಿ ಎಎಂಸಿ ಚಾನೆಲ್ "ಮ್ಯಾಡ್ ಮೆನ್" ಮೂರನೇ ಸೀಸನ್‌ಗೆ ಮುಂಚೆ ಬಿಟ್ಟ "ಮ್ಯಾಡ್ ಮೆನ್ ಯುವರ್‌ಸೆಲ್ಫ್" ನೆನಪಿದೆಯಾ? ಕೂದಲು, ಸೂಟು, ಕೈಯಲ್ಲಿ ಗ್ಲಾಸು ಆರಿಸಿಕೊಂಡು ನಿಮ್ಮದೇ 1960ರ ದಶಕದ ಕಾರ್ಟೂನ್ ರೂಪ ಮಾಡಿಕೊಳ್ಳೋದು. ಡೈನಾ ಮೋ ಅನ್ನೋ ಕಲಾವಿದೆಯ ಚಿತ್ರಗಳು. ಶೋನ ಒಂದು ಎಪಿಸೋಡೂ ನೋಡದವರು ಅದನ್ನು ತಮ್ಮ ಪ್ರೊಫೈಲ್ ಫೋಟೊ ಮಾಡಿಕೊಂಡ್ರು. ಒಬ್ಬೊಬ್ಬರ ಪ್ರೊಫೈಲೂ ಚಾನೆಲ್‌ಗೆ ಪುಕ್ಕಟೆ ಪೋಸ್ಟರ್.

ಹೊಸ ನೋಡುಗರನ್ನು ತರೋದು ಈ ಎರಡನೇ ಜಾತಿ. ಇದ್ದವರು ಬಿಟ್ಟುಹೋಗದಂತೆ ತಡೆಯೋದು ಮೊದಲನೇ ಜಾತಿ. ನೆಟ್‌ವರ್ಕ್‌ಗಳು ಮತ್ತೆಮತ್ತೆ ಎಡವಿದ್ದು ಎಲ್ಲಿ ಅಂದ್ರೆ, ಆಳದ ಆಟ ಕಟ್ಟಿ ಅದರಿಂದ ರೇಟಿಂಗ್ ಏರುತ್ತೆ ಅಂತ ಕಾದದ್ದು.

ಇದಕ್ಕೆ ದೊಡ್ಡ ಸಾಕ್ಷಿ 2002ರ "ಪುಶ್, ನೆವಾಡಾ". ಅದೂ ಎಬಿಸಿಯದ್ದೇ. ಬೆನ್ ಅಫ್ಲೆಕ್ ನಿರ್ಮಾಪಕರಲ್ಲಿ ಒಬ್ಬರು. ಎಪಿಸೋಡ್‌ಗಳಲ್ಲಿ, ವೆಬ್‌ಸೈಟ್‌ಗಳಲ್ಲಿ ಸುಳಿವು ಅಡಗಿಸಿ, ಬಿಡಿಸಿದವರಿಗೆ 10 ಲಕ್ಷ ಡಾಲರ್‌ಗಿಂತ ಹೆಚ್ಚಿನ ಬಹುಮಾನ ಇಟ್ಟಿದ್ರು. ನೋಡುಗರೇ ಬರಲಿಲ್ಲ. 7 ಎಪಿಸೋಡ್‌ಗೆ ಶೋ ಎತ್ತಂಗಡಿ. ಆದರೆ ಬಹುಮಾನ ಘೋಷಿಸಿ ಆಗಿತ್ತಲ್ಲ, ಶೋ ಸತ್ತ ಮೇಲೂ ಉಳಿದ ಸುಳಿವು ಬಿಟ್ಟು ದುಡ್ಡು ಕೊಡಲೇಬೇಕಾಯ್ತು.

ಕಡಲತಡಿ:
ಶೋ ಹೋಯ್ತು, ದುಡ್ಡೂ ಹೋಯ್ತು 😂

ಅರ್ಧರಾತ್ರಿ:
ತೆರೆಮರೆ ಅವರೇ, ನಿಮ್ಮ ವಿಂಗಡಣೆ ಕೇಳೋಕೆ ಚೆಂದ, ಆದರೆ "ಟ್ರೂ ಬ್ಲಡ್" ಇದಕ್ಕೆ ಒಗ್ಗಲ್ಲ. 2008ರಲ್ಲಿ ಎಚ್‌ಬಿಒ ಶೋ ಶುರುವಾಗೋಕೆ ಮುಂಚೆಯೇ ಆಟ ಶುರು ಮಾಡಿತ್ತು. ಆಗ ಶೋಗೆ ಅಭಿಮಾನಿಗಳು ಎಲ್ಲಿಂದ ಬರಬೇಕು? ಕ್ಯಾಂಪ್‌ಫೈರ್ ಅನ್ನೋ ಏಜೆನ್ಸಿ ಹಾರರ್ ಬಗ್ಗೆ ಬರೆಯೋ ಬ್ಲಾಗರ್‌ಗಳಿಗೆ ಯಾರೂ ಬಳಸದ ಪ್ರಾಚೀನ ಭಾಷೆಗಳಲ್ಲಿ ಬರೆದ ಕಾಗದ ಕಳಿಸ್ತು, ಕಳಿಸಿದವರ ಹೆಸರಿಲ್ಲದೆ. ಅವರು ತಲೆ ಕೆಡಿಸಿಕೊಂಡು ಅನುವಾದ ಮಾಡಿ, "ಬ್ಲಡ್‌ಕಾಪಿ" ಸೈಟ್ ಪತ್ತೆ ಹಚ್ಚಿ, ರಕ್ತಪಿಶಾಚಿಗಳ ಲೋಕದೊಳಕ್ಕೆ ಬಂದ್ರು. ಇದು ಆಳದ ಆಟವೇ ತಾನೆ? ಆದರೆ ಹೊಸ ನೋಡುಗರು ಬಂದ್ರು.

ತೆರೆಮರೆ:
ಒಳ್ಳೆ ಉದಾಹರಣೆ. ಆದರೆ ಅಲ್ಲಿ ಯಾರಿಗೆ ಕಾಗದ ಹೋಯ್ತು ನೋಡಿ. ಊರಿಗೆಲ್ಲ ಅಲ್ಲ, ಬರೆಯುವ ಕೆಲವರಿಗೆ ಮಾತ್ರ. ಅವರು ಆಡಿದ್ದಕ್ಕಿಂತ ಬರೆದದ್ದು ಮುಖ್ಯ. ಉಳಿದ ಜನಕ್ಕೆ ಸಿಕ್ಕಿದ್ದು ಗೋಡೆ ಮೇಲಿನ "ಟ್ರೂ ಬ್ಲಡ್" ಪಾನೀಯದ (ಕಥೆಯ ರಕ್ತಪಿಶಾಚಿಗಳು ಕುಡಿಯೋ ಕೃತಕ ರಕ್ತ) ಜಾಹೀರಾತು, ನಿಜವಾದ ತಂಪುಪಾನೀಯದ ಜಾಹೀರಾತಿನ ಥರಾನೇ. ನೋಡಿದರೆ ಸಾಕು, ಬಿಡಿಸೋದೇನಿಲ್ಲ. ಅದೇ ಏಜೆನ್ಸಿ 2011ರಲ್ಲಿ "ಗೇಮ್ ಆಫ್ ಥ್ರೋನ್ಸ್"ಗೂ ಇದನ್ನೇ ಮಾಡ್ತು. ಆ ಲೋಕದ ಊರುಗಳ ಪರಿಮಳ ತುಂಬಿದ ಮರದ ಪೆಟ್ಟಿಗೆ ಕೆಲವೇ ಬರಹಗಾರರಿಗೆ, "ದಿ ಮೇಸ್ಟರ್ಸ್ ಪಾತ್" ಒಗಟು ಸೈಟು ಮಿಕ್ಕವರಿಗೆ. ಒಳಗೆ ಹೋಗುವವರು ಕೆಲವರು, ಹೊರಗೆ ನಿಂತು ಅವರ ಬಗ್ಗೆ ಓದುವವರು ಸಾವಿರಾರು. ಲೆಕ್ಕ ಹಾಕೋದು ಆ ಸಾವಿರಾರು ಜನರನ್ನೇ.

ಅರ್ಧರಾತ್ರಿ:
ಸರಿ, ಇಷ್ಟಾದರೆ ಒಪ್ತೀನಿ. ಆದರೆ ನಿಮ್ಮ ಮೊದಲ ಕಾಮೆಂಟಿನಲ್ಲಿ "ಬರೋದೇ ಇಲ್ಲ" ಅಂತ ಇತ್ತು.

ಗಡಿನಾಡು:
ಎಲ್ಲಾರೂ ಒಗಟು, ಕಥಿ ಅಂತ ಮಾತಾಡಾಕತ್ತೀರಿ, ರೊಕ್ಕ ಯಾರು ಕೊಟ್ರು ಅಂತ ಯಾರೂ ಕೇಳವಲ್ರಿ. ಆ ಲಾಸ್ಟ್ ಆಟದಾಗ ಸ್ಪ್ರೈಟ್, ಜೀಪ್, ವೆರೈಜನ್, ಮಾನ್‌ಸ್ಟರ್ ಅನ್ನೋ ನೌಕರಿ ಹುಡುಕೋ ಸೈಟು ಎಲ್ಲಾ ಇದ್ದುವು. ಸುಳಿವು ಹುಡುಕೋಣ ಅಂತ ಕುಂತ್ರ ಸ್ಪ್ರೈಟ್ ಸೈಟಿಗೆ ಹೋಗ್ಬೇಕು, ಮುಂದಿನ ಸುಳಿವು ಜೀಪ್ ಸೈಟಿನಾಗ. ರಹಸ್ಯ ಸಂಸ್ಥಾದ ಬೆನ್ನು ಹತ್ತಿದಾಕಿ ನಡುವ ಕಾರಿನ ಜಾಹೀರಾತು ತೋರಿಸಿದ್ರ ನಂಬಿಕಿ ಎಲ್ಲಿಂದ ಬರಬೇಕ್ರಿ? ಆಟ ಆಡೋರು ಹುಡುಕಾಕ ಬಂದಿದ್ದು ಸತ್ಯಾನ, ಸಿಕ್ಕಿದ್ದು ಸೋಡಾ.

ಹಳೇಕಡತ:
ಗಡಿನಾಡು ಅವರ ಕೊನೇ ಸಾಲಿಗೆ ನನ್ನ ಪೂರ್ತಿ ಓಟು. ಆ ಸ್ಪ್ರೈಟ್ ಸೈಟಿನ ಹೆಸರು "ಸಬ್ಲಿಮೋನಲ್" ಅಂತಿತ್ತು. ಅದನ್ನು ನೋಡಿದ ದಿನ ನಮ್ಮ ಗುಂಪಿನಲ್ಲಿ ಕೆಲವರು ಆಟವನ್ನೇ ಬಿಟ್ಟರು.

ಸ್ಪಾನ್ಸರ್ ಇದ್ದ ಮಾತ್ರಕ್ಕೆ ಕೆಡಲೇಬೇಕು ಅಂತೇನಿಲ್ಲ. ಎನ್‌ಬಿಸಿಯ "ಹೀರೋಸ್"ನಲ್ಲಿ ಸ್ಪಾನ್ಸರ್‌ಗಳೂ ಇದ್ದರು, ಆದರೂ ಆನ್‌ಲೈನ್ ಭಾಗ ಚೆನ್ನಾಗಿ ನಡೀತು. 2006ರಿಂದ ವಾರವಾರ ಎಪಿಸೋಡ್ ಜೊತೆಗೆ ಕೆಲವು ಪುಟದ ಕಾಮಿಕ್ಸ್ ಆನ್‌ಲೈನ್‌ನಲ್ಲಿ ಬರ್ತಿತ್ತು. ಹಾನಾ ಗಿಟೆಲ್‌ಮನ್ ಅನ್ನೋ ಪಾತ್ರ ಮೊದಲು ಹುಟ್ಟಿದ್ದೇ ಆ ಕಾಮಿಕ್ಸ್‌ನಲ್ಲಿ, ಆಮೇಲೆ ಟಿವಿಗೆ ಬಂದಳು. ಕಾಮಿಕ್ಸ್ ಓದಿದವನಿಗೆ "ಅರೆ, ಇವಳು ನನಗೆ ಗೊತ್ತು" ಅನ್ನೋ ಖುಷಿ, ಓದದವನಿಗೆ ಅವಳು ಬರೀ ಹೊಸ ಪಾತ್ರ, ಏನೂ ನಷ್ಟವಿಲ್ಲ. ನಾನು ಮೇಲೆ ಹೇಳಿದ ಇಕ್ಕಟ್ಟಿಗೆ ಹತ್ತಿರದ ಪರಿಹಾರ ಇದೇ ಅನ್ಸುತ್ತೆ. 2008ರಲ್ಲಿ ಇದಕ್ಕೆ ಎಮ್ಮಿ ಪ್ರಶಸ್ತಿಯೂ ಬಂತು.

ಪ್ರಶ್ನಾರ್ಥಕ:
ಇದನ್ನೆಲ್ಲ ಬರೆಯೋರು ಯಾರು? ಶೋ ಬರೆಯುವವರೇನಾ, ಇಲ್ಲ ಜಾಹೀರಾತಿನವರಾ?

ಮಸಿಕುಡಿಕೆ:
ಅಲ್ಲೇ ಜಗಳ ಇದ್ದದ್ದು. "ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ" ಮೂರನೇ ಸೀಸನ್‌ಗೆ ಮುಂಚೆ, 2006ರಲ್ಲಿ, "ದಿ ರೆಸಿಸ್ಟೆನ್ಸ್" ಅಂತ 10 ಪುಟ್ಟ ಕಂತುಗಳು ಆನ್‌ಲೈನ್‌ನಲ್ಲಿ ಬಂದವು. ಅದೇ ನಟರು, ಅದೇ ಸೆಟ್ಟು, ಶೋನ ಕಥೆಯ ಮುಂದುವರಿಕೆಯೇ. ಎನ್‌ಬಿಸಿ ಯೂನಿವರ್ಸಲ್ ಏನಂತು? ಇದು ಪ್ರಚಾರ ಸಾಮಗ್ರಿ, ಇದಕ್ಕೆ ಬರಹಗಾರರಿಗೆ ಎಪಿಸೋಡ್‌ನಂತೆ ದುಡ್ಡು ಕೊಡಬೇಕಾಗಿಲ್ಲ. ಶೋನ ಮುಖ್ಯಸ್ಥ ರೊನಾಲ್ಡ್ ಡಿ. ಮೂರ್ ಒಪ್ಪಲಿಲ್ಲ, ಬರಹಗಾರರ ಸಂಘದ ತನಕ ವಿಷಯ ಹೋಯ್ತು.

ಅಂದರೆ ನೋಡುಗನ ಮುಂದೆ "ಇದು ಕಥೆಯ ಭಾಗ, ತಪ್ಪಿಸಬೇಡಿ" ಅನ್ನೋದು, ಬರೆದವನ ಮುಂದೆ "ಇದು ಬರೀ ಜಾಹೀರಾತು" ಅನ್ನೋದು. 2007ರ ನವೆಂಬರ್‌ನಿಂದ 2008ರ ಫೆಬ್ರುವರಿವರೆಗೆ ನಡೆದ ಹಾಲಿವುಡ್ ಬರಹಗಾರರ ಮುಷ್ಕರದಲ್ಲಿ ಇಂಟರ್ನೆಟ್‌ಗೆ ಬರೆದದ್ದಕ್ಕೆ ಸಂಭಾವನೆ ಅನ್ನೋದು ದೊಡ್ಡ ಬೇಡಿಕೆಯಾಗಿತ್ತು. ಈ ಎಳೆಯ ಶೀರ್ಷಿಕೆಯ ಪ್ರಶ್ನೆಗೆ ಉತ್ತರ, ಕೇಳುತ್ತಿರುವವರು ಯಾರು ಅನ್ನೋದರ ಮೇಲೆ ಬದಲಾಗ್ತಿತ್ತು.

ನಿರ್ವಾಹಕರು:
ಪ್ರಶ್ನಾರ್ಥಕ ಅವರು ಇನ್ನೂ ಎರಡನೇ ಸೀಸನ್ ಮಾತ್ರ ಮುಗಿಸಿದ್ದಾರೆ. ದ್ವೀಪದ ಕೊನೆಯ ಬಗ್ಗೆ ಬರೆದಿದ್ದ ಒಂದು ಕಾಮೆಂಟ್ ತೆಗೆದಿದ್ದೇವೆ. ಸ್ವಲ್ಪ ನೋಡ್ಕೊಂಡು ಬರೀರಿ.

ಬೀಗದಕೈ:
"ಮಿಸ್ಟರ್ ರೋಬೋಟ್" ಯಾರೂ ಎತ್ತಲಿಲ್ಲವಲ್ಲ ಅಂತ ಕಾಯ್ತಿದ್ದೆ. ನಾನು ಸೈಬರ್ ಭದ್ರತೆ ಕೆಲಸದವನು, ನನಗೆ ಈ ವಿಷಯದಲ್ಲಿ ಆ ಶೋಗಿಂತ ದೊಡ್ಡದು ಇಲ್ಲ. ತೆರೆ ಮೇಲೆ ಯಾವುದಾದ್ರೂ ಐಪಿ ವಿಳಾಸ ಅಥವಾ ವೆಬ್ ವಿಳಾಸ ಕಂಡರೆ ಬ್ರೌಸರ್‌ನಲ್ಲಿ ಹಾಕಿ ನೋಡಿ, ನಿಜವಾದ ಸೈಟು ತೆರೆದುಕೊಳ್ತಿತ್ತು. ಈ ಆಟ ಕಟ್ಟಿಸಿದ ಕೋರ್ ಅಡಾನಾ ಶೋನ ಬರಹಗಾರರ ಕೋಣೆಯಲ್ಲೇ ಕೂರೋರು, ಹ್ಯಾಕಿಂಗ್ ದೃಶ್ಯಗಳ ತಾಂತ್ರಿಕ ಹೊಣೆಯೂ ಅವರದ್ದೇ. ಅದಕ್ಕೇ ಆಟ ಮತ್ತು ಕಥೆಯ ನಡುವೆ ಬಿರುಕು ಕಾಣ್ತಿರಲಿಲ್ಲ. ಜಾಹೀರಾತಿನವರಿಗೆ ಹೊರಗುತ್ತಿಗೆ ಕೊಟ್ಟ ಆಟಕ್ಕೂ ಇದಕ್ಕೂ ಇರೋ ವ್ಯತ್ಯಾಸ ಮೊದಲ ಒಗಟಿನಲ್ಲೇ ಗೊತ್ತಾಗುತ್ತೆ.

2016ರ ಜುಲೈನಲ್ಲಿ ಎರಡನೇ ಸೀಸನ್ ಶುರುವಾಗೋ ಮುಂಚೆ ಫೇಸ್‌ಬುಕ್ ಲೈವ್‌ನಲ್ಲಿ ನಟರ ಜೊತೆ ಮಾತುಕತೆ ನಡೀತಿತ್ತು. ನಡುವೆ ಕಥೆಯ ಹ್ಯಾಕರ್ ಗುಂಪು "ದಾಳಿ" ಮಾಡಿ ಹೊಸ ಸೀಸನ್ನಿನ ಆರಂಭವನ್ನೇ ಲೀಕ್ ಮಾಡಿಬಿಡ್ತು. ಸ್ವಲ್ಪ ಹೊತ್ತಿಗೆ ಅಳಿಸಿಹಾಕಿದರು. ಹ್ಯಾಕರ್ ಕಥೆಗೆ ಇದಕ್ಕಿಂತ ಒಪ್ಪುವ ಟ್ರೈಲರ್ ಉಂಟಾ?

ಆದರೆ ಇದೇ ಶೋ ಗೆರೆ ದಾಟಿದ್ದೂ ಉಂಟು. 2017ರ ಡಿಸೆಂಬರ್‌ನಲ್ಲಿ ಫೈರ್‌ಫಾಕ್ಸ್ ಬಳಸೋ ಎಷ್ಟೋ ಜನ ತಮ್ಮ ಬ್ರೌಸರ್ ತೆರೆದು ನೋಡಿದ್ರೆ "ಲುಕಿಂಗ್ ಗ್ಲಾಸ್" ಅನ್ನೋ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರ್‌ಗೆ ಸೇರಿಸೋ ಪುಟ್ಟ ಪ್ರೋಗ್ರಾಂ, ತಾನಾಗೇ ಬಂದು ಕೂತಿತ್ತು. ವಿವರಣೆ ಜಾಗದಲ್ಲಿ ಅರ್ಥವಾಗದ ಒಂದು ಸಾಲು. ಜನ ವೈರಸ್ ಅಂದುಕೊಂಡ್ರು. ಅದು ಮಿಸ್ಟರ್ ರೋಬೋಟ್ ಆಟದ ತುಣುಕು! ಫೈರ್‌ಫಾಕ್ಸ್ ಮಾಡುವ ಮೊಝಿಲ್ಲಾ ಸಂಸ್ಥೆ ಬಳಕೆದಾರರನ್ನು ಕೇಳದೆ ತಳ್ಳಿತ್ತು. ಖಾಸಗಿತನ ಕಾಪಾಡ್ತೀವಿ ಅಂತ ಹೆಸರು ಮಾಡಿದ ಬ್ರೌಸರ್ ಅದು. ಗಲಾಟೆ ಆದ ಮೇಲೆ ಹಿಂದೆ ತಗೊಂಡು, ಕ್ಷಮೆ ಕೇಳಿ, ಬೇಕಾದವರು ಮಾತ್ರ ಹಾಕಿಕೊಳ್ಳೋ ಹಾಗೆ ಆಡ್-ಆನ್ ಪಟ್ಟಿಗೆ ಸೇರಿಸಿದ್ರು.

ಅರ್ಧರಾತ್ರಿ:
ನ್ಯಾಯವಾಗಿ ಹೇಳಬೇಕಂದ್ರೆ ಆ ಎಕ್ಸ್‌ಟೆನ್ಶನ್ ಬಳಕೆದಾರ ಸೆಟ್ಟಿಂಗ್ ಬದಲಾಯಿಸೋ ತನಕ ಏನೂ ಮಾಡ್ತಿರಲಿಲ್ಲ.

ಬೀಗದಕೈ:
ಹೌದು, ಏನೂ ಮಾಡ್ತಿರಲಿಲ್ಲ. ಹೇಳದೆ ಮನೆಯೊಳಗೆ ಬಂದು ಸುಮ್ಮನೆ ಮೂಲೆಯಲ್ಲಿ ಕೂತವನನ್ನು ನೀವು ನೆಂಟ ಅಂತೀರಾ? ಆಟಕ್ಕೆ ಬರೋದು, ಬಿಡೋದು ಆಡುವವನ ಕೈಯಲ್ಲಿರಬೇಕು.

ಗಡಿನಾಡು:
ಇದಕ್ಕ ಸೇರಿಸ್ರಿ. 2018ರ ಕೊನಿಗೆ ನೆಟ್‌ಫ್ಲಿಕ್ಸ್‌ದಾಗ "ಬ್ಲ್ಯಾಕ್ ಮಿರರ್"ದ "ಬ್ಯಾಂಡರ್‌ಸ್ನ್ಯಾಚ್" ಬಂತಲ್ರಿ, ನೋಡೋರ ಆರಿಸಿದಂಗ ಕಥಿ ಹೋಗೋದು. ಯಾರು ಏನೇನು ಆರಿಸಿದ್ರು ಅನ್ನೋದನ್ನ ಕಂಪನಿ ಉಳಿಸಿ ಇಟ್ಕೊಂಡಿತ್ತು. ಯುರೋಪಿನ ಕಾನೂನು ಹಿಡದು ಒಬ್ರು ಸಂಶೋಧಕರು ಕೇಳಿದ ಮ್ಯಾಲೆ ಹೊರಗ ಬಂತು. ಆಟ ನಾವು ಆಡ್ತೀವಿ ಅಂದ್ಕೊಂಡಿರ್ತೀವಿ, ಅಷ್ಟ.

ಹಗಲುಗನಸು:
ಎಲ್ಲರೂ ಅಮೆರಿಕದ ಸುತ್ತಲೇ ಸುತ್ತುತ್ತಿದ್ದೀರಿ. ನನ್ನ ಪ್ರಕಾರ ಇದನ್ನು ಸರಿಯಾಗಿ ಮಾಡಿದ್ದು ನಾರ್ವೆಯ ಸಾರ್ವಜನಿಕ ವಾಹಿನಿ ಎನ್‌ಆರ್‌ಕೆ, "ಸ್ಕಾಮ್" ಮೂಲಕ. 2015ರ ಸೆಪ್ಟೆಂಬರ್‌ನಲ್ಲಿ ಶುರು, 2017ರಲ್ಲಿ ಮುಗೀತು. ಓಸ್ಲೊದ ಹೈಸ್ಕೂಲ್ ಮಕ್ಕಳ ಕಥೆ, ಬರೆದು ನಿರ್ದೇಶಿಸಿದ್ದು ಯೂಲಿ ಆಂಡೆಮ್.

ಹೇಗೆ ನಡೀತಿತ್ತು ಅಂದ್ರೆ, ಕಥೆಯಲ್ಲಿ ಒಂದು ದೃಶ್ಯ ಮಂಗಳವಾರ ಮಧ್ಯಾಹ್ನ ನಡೆಯುತ್ತೆ ಅಂದರೆ ಆ ತುಣುಕು ಮಂಗಳವಾರ ಮಧ್ಯಾಹ್ನವೇ ವೆಬ್‌ಸೈಟ್‌ಗೆ ಬರುತ್ತೆ. ಮುಂಚೆ ಹೇಳೋದಿಲ್ಲ. ನಡುನಡುವೆ ಪಾತ್ರಗಳ ಚಾಟ್ ಮೆಸೇಜ್‌ಗಳು. ಪಾತ್ರಗಳಿಗೆ ಇನ್‌ಸ್ಟಾಗ್ರಾಮ್ ಖಾತೆಗಳು. ವಾರದ ತುಣುಕುಗಳೆಲ್ಲ ಸೇರಿ ಶುಕ್ರವಾರ ಒಂದು ಎಪಿಸೋಡ್. ರಾತ್ರಿ ಹುಡುಗ ಮೆಸೇಜ್ ಮಾಡಲಿಲ್ಲ ಅಂತ ಪಾತ್ರ ಕಾಯ್ತಿದ್ದರೆ, ನೋಡುವ ಹುಡುಗಿಯೂ ಸೈಟ್ ರಿಫ್ರೆಶ್ ಮಾಡ್ತಾ ಕಾಯ್ತಿದ್ದಳು. ಇಲ್ಲಿ ಒಗಟಿಲ್ಲ, ಬಹುಮಾನವಿಲ್ಲ, ಸೋಡಾ ಇಲ್ಲ. ಕಾಯುವುದೇ ಆಟ.

ಅವರು ಗುರಿ ಇಟ್ಟದ್ದು 16ರ ಆಸುಪಾಸಿನ ಹುಡುಗಿಯರ ಮೇಲೆ. ಅಂಥ ಹುಡುಗಿಯರು ತಾವೇ ಕಂಡುಕೊಂಡು ಗೆಳತಿಯರಿಗೆ ಹೇಳಲಿ ಅಂತ ದೊಡ್ಡ ಜಾಹೀರಾತನ್ನೇ ಮಾಡಲಿಲ್ಲ. ನಾರ್ವೇಜಿಯನ್ ಬಾರದ ದೇಶಗಳಲ್ಲೂ ಅಭಿಮಾನಿಗಳು ತಾವೇ ಕೂತು ಸಬ್‌ಟೈಟಲ್ ಮಾಡಿದ್ರು. ಆಮೇಲೆ ಫ್ರಾನ್ಸ್, ಇಟಲಿ, ಜರ್ಮನಿ, ಸ್ಪೇನ್, ನೆದರ್‌ಲ್ಯಾಂಡ್ಸ್, ಬೆಲ್ಜಿಯಂಗಳಲ್ಲಿ ರೀಮೇಕ್. ಅಮೆರಿಕದ್ದು ಫೇಸ್‌ಬುಕ್ ವಾಚ್‌ನಲ್ಲಿ ಬಂತು.

ತೆರೆಮರೆ:
ಸ್ಕಾಮ್ ನನಗೂ ಇಷ್ಟ. ಒಂದು ಮಾತು ಮಾತ್ರ ಸೇರಿಸ್ತೀನಿ: ಅದು ಸಾರ್ವಜನಿಕ ಹಣದ ವಾಹಿನಿ. "ಪ್ರಚಾರವೇ ಮಾಡಬೇಡಿ, ಕಾಯೋಣ" ಅಂತ ಖಾಸಗಿ ನೆಟ್‌ವರ್ಕ್‌ನ ಮೀಟಿಂಗಿನಲ್ಲಿ ನಾನು ಹೇಳಿದರೆ ಮುಂದಿನ ಮೀಟಿಂಗಿಗೆ ನನ್ನನ್ನು ಕರೆಯೋದಿಲ್ಲ. ಜೊತೆಗೆ ಇದಕ್ಕೆಲ್ಲ ಎಪಿಸೋಡ್‌ಗಳ ನಡುವೆ ಖಾಲಿ ಜಾಗ ಬೇಕು. ಲಾಸ್ಟ್‌ಗೆ ನಾಲ್ಕು ತಿಂಗಳಿತ್ತು, ಸ್ಕಾಮ್‌ಗೆ ವಾರದ ದಿನಗಳಿದ್ದವು. ಇಡೀ ಸೀಸನ್ ಒಂದೇ ದಿನ ಬಿಟ್ಟರೆ ಎರಡನೇ ದಿನಕ್ಕೆ ಎಲ್ಲಾ ಗುಟ್ಟು ರಟ್ಟು. ಆಟ ಆಡೋಕೆ ಸಮಯ ಎಲ್ಲಿದೆ? ಎಆರ್‌ಜಿಗಳು ಕಡಿಮೆಯಾಗಿದ್ದು ಜನಕ್ಕೆ ಬೇಸರ ಬಂದು ಅಲ್ಲ, ಆ ಖಾಲಿ ಜಾಗ ಹೋದದ್ದರಿಂದ.

ಕಡಲತಡಿ:
ವಾರವಾರ ಬರ್ತಿದ್ದ "ವೆಸ್ಟ್‌ವರ್ಲ್ಡ್"ನವರು 2018ರಲ್ಲಿ ಒಂದು ಕಿತಾಪತಿ ಮಾಡಿದ್ರು, ಅದು ನನಗೆ ಭಾರೀ ಇಷ್ಟ. ಆ ಶೋದ ಅಭಿಮಾನಿಗಳು ಮೊದಲ ಸೀಸನಿನ ಗುಟ್ಟುಗಳನ್ನೆಲ್ಲ ರೆಡಿಟ್‌ನಲ್ಲಿ ಮೊದಲೇ ಊಹಿಸಿಬಿಟ್ಟಿದ್ರು. ಎರಡನೇ ಸೀಸನಿಗೆ ಮುಂಚೆ ಶೋ ಮಾಡಿದವರೇ ರೆಡಿಟ್‌ಗೆ ಬಂದು, ಈ ಪೋಸ್ಟಿಗೆ ಸಾವಿರ ಅಪ್‌ವೋಟ್ ಬಿದ್ದರೆ ಇಡೀ ಸೀಸನಿನ ಕಥೆ ಹೇಳ್ತೇವೆ ಅಂದ್ರು. ಬೀಳದೆ ಇರ್ತದಾ? ಕೊಟ್ಟ ಮಾತಿನಂತೆ ವಿಡಿಯೊ ಹಾಕಿದ್ರು. ಸುರು ಸುರುವಿಗೆ ಗಂಭೀರ ದೃಶ್ಯ, ಮತ್ತೆ ನೋಡಿದ್ರೆ ನಟಿ ಇವಾನ್ ರೇಚಲ್ ವುಡ್ ಇಂಟರ್ನೆಟ್‌ನಲ್ಲಿ ಜನರನ್ನು ಬಕ್ರಾ ಮಾಡ್ಲಿಕ್ಕೆ ಬಳಸುವ ಆ ಹಳೇ ಪಾಪ್ ಹಾಡು ಹಾಡ್ತಿದ್ದಾಳೆ! ಅದು ಮುಗಿದ ಮೇಲೆ ಪಿಯಾನೊ ಎದುರು ಕೂತ ಒಂದು ನಾಯಿ, ಇಪ್ಪತ್ತು ನಿಮಿಷದಷ್ಟು. ಎಲ್ಲಾ ಪತ್ರಿಕೆಗಳಲ್ಲಿ ಸುದ್ದಿ. ಖರ್ಚು ಎಷ್ಟಾಗಿರಬಹುದು ಹೇಳಿ?

ತೆರೆಮರೆ:
ನಾಯಿಗೆ ಬಿಸ್ಕತ್ತು. ಇದಪ್ಪಾ ನಾನು ಹೇಳ್ತಿದ್ದ ಎರಡನೇ ಜಾತಿ.

ಪ್ರಶ್ನಾರ್ಥಕ:
ಇಷ್ಟು ಕೇಳಿದ ಮೇಲೆ ಹಳೇ ಸೈಟುಗಳನ್ನು ಒಮ್ಮೆ ನೋಡಬೇಕು ಅನ್ನಿಸ್ತಿದೆ. ಏನಾದ್ರೂ ಉಳಿದಿದೆಯಾ?

ಹಳೇಕಡತ:
ಬೇಸರದ ಸಂಗತಿ. ಆ ಕಾಲದ ಬಹುಪಾಲು ಸೈಟುಗಳು ಫ್ಲ್ಯಾಶ್ ಅನ್ನೋ ತಂತ್ರಾಂಶದಲ್ಲಿ ಕಟ್ಟಿದವು. ಅಡೋಬಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಬೆಂಬಲ ನಿಲ್ಲಿಸ್ತು. ಸೈಟು ಎಲ್ಲಾದರೂ ಉಳಿದಿದ್ದರೂ ಇಂದಿನ ಬ್ರೌಸರ್‌ನಲ್ಲಿ ಹಾಗೇ ತೆರೆಯೋದಿಲ್ಲ. ಹಳೇ ವೆಬ್ ಪುಟಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್‌ನಲ್ಲಿ ಪುಟದ ಚೌಕಟ್ಟು ಸಿಗುತ್ತೆ, ಒಳಗಿನ ಆಟ ಸಿಗೋದು ಅದೃಷ್ಟ. "ರಫಲ್" ಅನ್ನೋ ಎಮ್ಯುಲೇಟರ್ ಹಾಕಿಕೊಂಡರೆ ಕೆಲವು ಹಳೇ ಫ್ಲ್ಯಾಶ್ ಫೈಲುಗಳು ಓಡ್ತವೆ. ಆದರೆ ಸರ್ವರ್‌ನಿಂದ ಉತ್ತರ ಬರಬೇಕಾದ ಕಡೆ ನಿಂತುಬಿಡುತ್ತೆ. ಆ 70 ತುಣುಕುಗಳ ರೇಚಲ್ ಬ್ಲೇಕ್ ವಿಡಿಯೊವನ್ನು ಮಾತ್ರ ಅಭಿಮಾನಿಗಳು ಜೋಡಿಸಿ ಯೂಟ್ಯೂಬ್‌ಗೆ ಹಾಕಿದ್ದಾರೆ. ಮೂರನೇ ಸೀಸನ್ ಶುರು ಮಾಡೋಕೆ ಮುಂಚೆ ಅದನ್ನು ನೋಡಿ, ಅದು ಬಂದದ್ದೂ ಆ ಜಾಗದಲ್ಲೇ.

ಮಸಿಕುಡಿಕೆ:
ಎಪಿಸೋಡ್‌ಗಳನ್ನು ಡಿವಿಡಿ ಮಾಡಿ ಮಾರ್ತಾರೆ, ಸ್ಟ್ರೀಮಿಂಗ್‌ಗೆ ಕೊಡ್ತಾರೆ, ಆದ್ದರಿಂದ ಜೋಪಾನ ಮಾಡ್ತಾರೆ. ಆಟದ ಸೈಟು ಪ್ರಚಾರದ ಖಾತೆಯ ಖರ್ಚು. ಸೀಸನ್ ಮುಗಿದರೆ ಬಜೆಟ್ ಮುಗೀತು, ಡೊಮೈನ್ ನವೀಕರಿಸೋಕೆ ಯಾರಿಗೂ ಜವಾಬ್ದಾರಿ ಇಲ್ಲ. "ದಿ ಆಫೀಸ್"ಗೆ ಎನ್‌ಬಿಸಿ 2007ರಲ್ಲಿ "ಡಂಡರ್ ಮಿಫ್ಲಿನ್ ಇನ್‌ಫಿನಿಟಿ" ಅಂತ ಮಾಡಿತ್ತು. ಅಭಿಮಾನಿಗಳು ಕಾಗದದ ಕಂಪನಿಯ ನೌಕರರಾಗಿ ಸೇರಿ, ವಾರವಾರ ಕೆಲಸ ಮಾಡಿ, "ಶ್ರೂಟ್‌ಬಕ್ಸ್" ಸಂಬಳ ತಗೊಳ್ತಿದ್ರು. ಜನ ತಾವೇ ಬರೆದ, ಚಿತ್ರಿಸಿದ ಎಷ್ಟೋ ಸಂಗತಿ ಅದರಲ್ಲಿತ್ತು. ನೆಟ್‌ವರ್ಕ್ ತನ್ನದನ್ನು ಅಳಿಸಿಕೊಂಡರೆ ಅದರ ಇಷ್ಟ. ನೋಡುಗರು ಮಾಡಿಕೊಟ್ಟದ್ದನ್ನು ಅಳಿಸೋ ಮುಂಚೆ ಒಂದು ಇಮೇಲಾದ್ರೂ ಹಾಕಬೇಕಿತ್ತು.

ಗಡಿನಾಡು:
ಸಂಬಳ ಬಾಕಿ ಐತೇನ್ರಿ ನಿಮ್ದು?

ಮಸಿಕುಡಿಕೆ:
ಬಾಕಿ ಇದೆ. ಬಡ್ತಿಯೂ ಕೊಡಲಿಲ್ಲ.